ನ್ಯಾನೋಟ್ಯೂಬ್ ಉತ್ಪಾದನೆಗೆ ಎರಡು ರಿಯಾಕ್ಟರ್‌ಗಳು: ಯಾವುದು ಯಾರಿಗೆ?

ಕಾರ್ಬನ್ ನ್ಯಾನೋಟ್ಯೂಬ್‌ಗಳನ್ನು, ಅಂದರೆ ಇಂಗಾಲದ ಅತಿಸೂಕ್ಷ್ಮ ಕೊಳವೆಗಳನ್ನು, ದೊಡ್ಡ ಪ್ರಮಾಣದಲ್ಲಿ ತಯಾರಿಸಬೇಕೆನ್ನುವವರು ಸಾಮಾನ್ಯವಾಗಿ ತೂಗಿನೋಡುವುದು ಎರಡು ವಿನ್ಯಾಸಗಳನ್ನು: ಕ್ರಿಯಾವರ್ಧಕದ (ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವಿನ) ಪುಡಿಯನ್ನು ಅನಿಲದ ಹರಿವಿನಲ್ಲಿ ಎತ್ತಿಹಿಡಿಯುವ ಫ್ಲೂಯಿಡೈಸ್ಡ್ ಬೆಡ್ ಮತ್ತು ಕ್ರಿಯಾವರ್ಧಕವು ಅನಿಲದಲ್ಲಿಯೇ ಹುಟ್ಟಿ ತೇಲುವ ರಿಯಾಕ್ಟರ್.

ಮೊದಲನೆಯದರಲ್ಲಿ ಕಬ್ಬಿಣ ಅಥವಾ ಕೋಬಾಲ್ಟನ್ನು ಹೊತ್ತ ಅಲ್ಯುಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಕಣಗಳ ಮೂಲಕ ಕೆಳಗಿನಿಂದ ಎಥಿಲೀನ್‌ನಂಥ ಇಂಗಾಲವುಳ್ಳ ಅನಿಲವನ್ನು ಹಾಯಿಸಲಾಗುತ್ತದೆ. ಪುಡಿಯು ಕುದಿಯುವ ಗಂಜಿಯಂತೆ ಸದಾ ಮಗುಚುತ್ತಿರುವುದರಿಂದ ಶಾಖವು ಸಮನಾಗಿ ಹರಡುತ್ತದೆ. ಎಥಿಲೀನ್ ಒಡೆಯುವಾಗ ಶಾಖವನ್ನು ಬಿಡುತ್ತದೆ, ಮೀಥೇನ್ ಹೀರಿಕೊಳ್ಳುತ್ತದೆ. ಹೀಗಾಗಿ ಅನಿಲವನ್ನು ಬದಲಿಸಿದವರು ಶಾಖದ ಲೆಕ್ಕವನ್ನು ಮೊದಲಿನಿಂದ ಹಾಕಬೇಕು. ಕೊಳವೆಗಳು ಬೆಳೆದಂತೆ ಪುಡಿಯ ಹಾಸು (ಬೆಡ್) ಹಲವು ಪಟ್ಟು ಉಬ್ಬುತ್ತದೆ ಎಂಬುದನ್ನು ಕಾಗದದ ಮೇಲಿನ ವಿನ್ಯಾಸ ಸುಲಭವಾಗಿ ಮರೆಸುತ್ತದೆ. ಮೇಲೆ ಸಾಕಷ್ಟು ಜಾಗ ಬಿಡದಿದ್ದರೆ ಸರಕು ಅನಿಲದೊಂದಿಗೆ ಹಾರಿಹೋಗುತ್ತದೆ. ಬೀಜಿಂಗ್‌ನ ತ್ಸಿಂಗ್ಹುವಾ ವಿಶ್ವವಿದ್ಯಾಲಯದಲ್ಲಿ ಫೇ ವೇ ಅವರ ತಂಡ ಬಹುಭಿತ್ತಿ (ಒಂದರೊಳಗೊಂದು ಹಲವು ಪದರಗಳಿರುವ) ಕೊಳವೆಗಳ ಉತ್ಪಾದನೆಯನ್ನು ಹಿಗ್ಗಿಸಿದ್ದು ಈ ದಾರಿಯಲ್ಲೇ.

ಎರಡನೆಯದಕ್ಕೆ ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಸ್ಮಾಲಿ ತಂಡ 1999ರಲ್ಲಿ ಪ್ರಕಟಿಸಿದ ಹಿಪ್ಕೋ (ಅಧಿಕ ಒತ್ತಡದ ಕಾರ್ಬನ್ ಮಾನಾಕ್ಸೈಡ್) ವಿಧಾನ ಉದಾಹರಣೆ. ಇಲ್ಲಿ 30ರಿಂದ 50 ವಾಯುಭಾರದ (ಸಾಮಾನ್ಯ ಗಾಳಿಯ ಒತ್ತಡದ ಅಷ್ಟು ಪಟ್ಟು) ಒತ್ತಡದಲ್ಲಿ, ಸುಮಾರು 900ರಿಂದ 1100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಮತ್ತು ಕಬ್ಬಿಣದ ಸಂಯುಕ್ತವಾದ ಐರನ್ ಪೆಂಟಾಕಾರ್ಬೊನಿಲ್ ಸೇರಿ, ಸುಮಾರು 1 ನ್ಯಾನೋಮೀಟರ್ ವ್ಯಾಸದ ಏಕಭಿತ್ತಿ (ಒಂದೇ ಪದರದ) ಕೊಳವೆಗಳು ಮೂಡುತ್ತವೆ. ಅಲ್ಯುಮಿನಾದಂಥ ಆಸರೆಯ ಕಣಗಳನ್ನು ತೊಳೆದು ತೆಗೆಯುವ ಕೆಲಸವಿಲ್ಲ, ಆದರೆ ಕಬ್ಬಿಣ ಉಳಿದಿರುತ್ತದೆ. 2001ರಲ್ಲಿ ವರದಿಯಾದ ಇಳುವರಿ ಗಂಟೆಗೆ 450 ಮಿಲಿಗ್ರಾಂ ಮಾತ್ರ. ಕಾರ್ಬನ್ ಮಾನಾಕ್ಸೈಡ್‌ನಂಥ ವಾಸನೆಯಿಲ್ಲದ ವಿಷಾನಿಲವನ್ನು ಇಷ್ಟು ಒತ್ತಡದಲ್ಲಿ ಸುತ್ತಿಸುವುದು ಹುಡುಗಾಟವಲ್ಲ.

ಬ್ಯಾಟರಿಯ ವಾಹಕ ಪುಡಿ ಅಥವಾ ಪ್ಲಾಸ್ಟಿಕ್ ಮಿಶ್ರಣ ನಿಮ್ಮ ಗುರಿಯಾದರೆ ನಾನು ಫ್ಲೂಯಿಡೈಸ್ಡ್ ಬೆಡ್ಡನ್ನೇ ಆರಿಸುವೆ. ಎಲೆಕ್ಟ್ರಾನಿಕ್ಸ್‌ಗೆ ಸಣ್ಣ ಪ್ರಮಾಣದ ಏಕಭಿತ್ತಿ ಕೊಳವೆಗಳು ಸಾಕೆಂದಾದರೆ ಮಾತ್ರ ಎರಡನೆಯದರ ವೆಚ್ಚ ಸಮರ್ಥನೀಯ.