ಡೊಮೇನ್ ಫಾರ್ವರ್ಡಿಂಗ್: ಬೆಳಗಾವಿಯ ಕುಂದಾ ಅಂಗಡಿಯಿಂದ ಒಂಬತ್ತು ವರ್ಷದ ಅನುಭವ

ಬಳಸಿದ್ದು: ಡೊಮೇನ್ (ವೆಬ್‌ಸೈಟಿನ ವಿಳಾಸದ ಹೆಸರು) ಮಾರುವ ಕಂಪನಿಯೇ ಜೊತೆಗೆ ಕೊಡುವ ಫಾರ್ವರ್ಡಿಂಗ್ ಸೇವೆ, ಅಂದರೆ ಒಂದು ಹೆಸರಿಗೆ ಬಂದವರನ್ನು ತಾನಾಗಿ ಇನ್ನೊಂದು ವಿಳಾಸಕ್ಕೆ ಕಳಿಸುವ ಸೇವೆ, 2016ರಿಂದ. ನನ್ನ ಅಂಕ ಐದಕ್ಕೆ ಮೂರೂವರೆ.

ನಮ್ಮದು ಕುಂದಾ ಮತ್ತು ಗೋಕಾಕ ಕರದಂಟಿನ ವ್ಯಾಪಾರ. ಅಂಗಡಿ ಖಡೇಬಜಾರದ ಕಡೆ, ಪಾರ್ಸೆಲ್ ಮಾತ್ರ ದೇಶದ ತುಂಬ ಹೋಗುತ್ತದೆ. ವೆಬ್‌ಸೈಟ್ ಇರುವುದು ಒಂದೇ, ಆದರೆ ಅದಕ್ಕೆ ಕರೆದುಕೊಂಡು ಬರುವ ಡೊಮೇನ್ ಹೆಸರುಗಳು ನಾಲ್ಕು. ಲೆಕ್ಕ ಬರೆಯುವ ಹುಡುಗ ಪ್ರತಿ ವರ್ಷ ರಿನ್ಯೂವಲ್ ಬಿಲ್ ನೋಡಿ ಕೇಳುತ್ತಾನೆ: "ನಾಕ ಹೆಸರ ಯಾಕ್ರೀ ಕಾಕಾ, ಒಂದ ಸಾಲೂದಿಲ್ಲೇನು?" ಅವನಿಗೆ ಹೇಳಿದ ಉತ್ತರವನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ಡೊಮೇನ್ ತೆಗೆದುಕೊಂಡಿದ್ದು 2011ರಲ್ಲಿ. ಆಗ ಇಂಗ್ಲಿಷಿನಲ್ಲಿ ಎಲ್ಲರೂ ಬರೆಯುತ್ತಿದ್ದದ್ದು ಬೆಲ್ಗಾಂ. ನಮ್ಮ ಡೊಮೇನಿನಲ್ಲೂ ಅದೇ ಬಂತು. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು, ನಮ್ಮ ಊರು ಅಲ್ಲಿಯೂ ಬೆಳಗಾವಿ ಆಯಿತು. ಕನ್ನಡಿಗನಾಗಿ ನನಗೆ ಅವತ್ತು ಹಬ್ಬ. ಅಂಗಡಿ ಬೋರ್ಡನ್ನು ಪೇಂಟರ್ ಒಂದೇ ದಿನದಲ್ಲಿ ತಿದ್ದಿಕೊಟ್ಟ. ಆದರೆ ಅಷ್ಟರೊಳಗೆ ಮನೆ ಮನೆಗೆ ಹೋಗಿದ್ದ ಡಬ್ಬಿಗಳ ಮೇಲಿನ ವಿಳಾಸವನ್ನು ಯಾವ ಪೇಂಟರ್ ತಿದ್ದಬೇಕು?

ನಮ್ಮ ಗಿರಾಕಿಗಳಲ್ಲಿ ಸೈನಿಕರು ಬಹಳ. ಮರಾಠಾ ಲೈಟ್ ಇನ್‌ಫಂಟ್ರಿಯ ರೆಜಿಮೆಂಟಲ್ ಸೆಂಟರ್ ಇರುವುದು ಈ ಊರಿನಲ್ಲೇ. ಇಲ್ಲಿ ತರಬೇತಿ ಮುಗಿಸಿದ ಹುಡುಗರು ಮುಂದೆ ಎಲ್ಲೆಲ್ಲೋ ಗಡಿಗೆ ಹೋಗುತ್ತಾರೆ, ನಿವೃತ್ತರಾಗಿ ಸಾತಾರಾ ಕೊಲ್ಲಾಪುರದ ಹಳ್ಳಿಗಳಿಗೆ ಮರಳುತ್ತಾರೆ. ಅವರ ಬಾಯಲ್ಲಿ ಊರಿನ ಹೆಸರು ಇವತ್ತಿಗೂ ಹಳೆಯದೇ. ಹಬ್ಬ ಬಂದಾಗ ಕುಂದಾ ನೆನಪಾಗಿ ಫೋನಿನಲ್ಲಿ ಒತ್ತುವುದೂ ಹಳೆಯ ಹೆಸರನ್ನೇ. ಅವರಿಗೆ ಬಾಗಿಲು ಮುಚ್ಚಿ ಕಾಣಬಾರದು. ಮೊದಲ ಫಾರ್ವರ್ಡಿಂಗ್ ಇದೇ ಕಾರಣಕ್ಕೆ. ಹಳೆಯ ಹೆಸರಿಗೆ ಬಂದವರು ತಾವಾಗಿ ಹೊಸ ಹೆಸರಿಗೆ ಬರಬೇಕು.

ಇನ್ನೆರಡು ಹೆಸರು ಕರದಂಟಿನವು. ಕನ್ನಡದಲ್ಲಿ ಬರೆದರೆ ಒಂದೇ ರೂಪ, ಇಂಗ್ಲಿಷ್ ಅಕ್ಷರಕ್ಕೆ ಬಂದರೆ ಕೈಗೊಂದು ರೂಪ. 'ರ' ಆದಮೇಲೆ ಒಂದು 'ಎ' ಹಾಕುವವರಿದ್ದಾರೆ, ಬಿಡುವವರಿದ್ದಾರೆ, ಕೊನೆಯ 'ಯು' ಅನ್ನು ನುಂಗುವವರೂ ಇದ್ದಾರೆ. ಯಾರದ್ದೂ ತಪ್ಪಲ್ಲ. ಹೆಚ್ಚು ಜನ ಬರೆಯುವ ಎರಡು ರೂಪ ಕೊಂಡುಕೊಂಡು ನಮ್ಮ ಮುಖ್ಯ ವಿಳಾಸಕ್ಕೆ ತಿರುಗಿಸಿದೆ.

ಈ ಸೇವೆ ಏನು ಅಂತ ನನ್ನ ಅಪ್ಪನಿಗೆ ವಿವರಿಸಿದ್ದು ಸೋದರಮಾವನ ಅಂಗಡಿಯ ಉದಾಹರಣೆಯಿಂದ. ಆಲಮಟ್ಟಿ ಹಿನ್ನೀರು ಬಂದು ಹಳೇ ಬಾಗಲಕೋಟೆಯ ಅವರ ಓಣಿ ಮುಳುಗಡೆಗೆ ಸೇರಿತು, ಅಂಗಡಿ ನವನಗರಕ್ಕೆ ಹೋಯಿತು. ಮಾವ ಹೋಗುವ ಮುಂಚೆ ಹಳೇ ಬಾಗಿಲ ಮೇಲೆ ಬಣ್ಣದಲ್ಲಿ ಸೆಕ್ಟರ್ ನಂಬರ್ ಬರೆದು ಹೋದರು. ಮಳೆಗೆ ಅಳಿಸಿದಾಗ ಮತ್ತೆ ಹೋಗಿ ಬರೆದು ಬಂದರು. ಅಪ್ಪ ಕೇಳಿ ಒಂದೇ ಮಾತು ಅಂದರು: "ಹಂಗಾದ್ರ ಆ ಬಾಗಲಾ ನಮ್ಮ ಕೈಯಾಗ ಇರೂತನಕ ಅಷ್ಟ ಅದು."

ಆ ಮಾತಿನ ತೂಕ ನನಗೆ ಗೊತ್ತಾಗಿದ್ದು 2020ರಲ್ಲಿ. ಲಾಕ್‌ಡೌನ್‌ನಲ್ಲಿ ವ್ಯಾಪಾರ ನಿಂತು, ಖರ್ಚು ಕಡಿಮೆ ಮಾಡುವ ಅವಸರದಲ್ಲಿ ಕರದಂಟಿನ ಒಂದು ಹೆಸರನ್ನು ರಿನ್ಯೂ ಮಾಡದೆ ಬಿಟ್ಟೆ. ಡಾಟ್ ಕಾಮ್ ಹೆಸರು ಅವಧಿ ಮುಗಿದ ದಿನವೇ ಕೈಬಿಡುವುದಿಲ್ಲ. ಮೊದಲು ಕೆಲವು ದಿನ ಮಾಮೂಲಿ ಶುಲ್ಕಕ್ಕೇ ಸಿಗುತ್ತದೆ, ಆಮೇಲೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು, ಅದೂ ದಾಟಿದರೆ ಯಾರು ಬೇಕಾದರೂ ಕೊಳ್ಳಬಹುದು. ನಮ್ಮದೂ ಹಾಗೇ ಹೋಯಿತು. ಕೆಲವು ತಿಂಗಳಾದ ಮೇಲೆ ನಿಪ್ಪಾಣಿಯಿಂದ ಒಬ್ಬ ತಾಯಿ ಫೋನ್ ಮಾಡಿದರು: "ಅಣ್ಣಾರ, ನಿಮ್ಮ ಡಬ್ಬಿ ಮ್ಯಾಲಿನ ಹೆಸರ ಒತ್ತಿದ್ರ ಜೂಜಿನ ಆಟ ಬರಾಕತ್ತೈತ್ರೀ. ಫೋನ್ ನನ್ನ ಮಗನ ಕೈಯಾಗಿತ್ತು." ನಾನು ತೆರೆದು ನೋಡಿದೆ. ನಿಜ. ಯಾರೋ ಆ ಹೆಸರು ಕೊಂಡು ಜೂಜಿನ ಸೈಟಿಗೆ ತಿರುಗಿಸಿದ್ದರು. ನಮ್ಮ ಡಬ್ಬಿ ನಂಬಿ ಬರುವ ಜನರೇ ಅವರಿಗೆ ಬೇಕಾಗಿದ್ದದ್ದು. ಹಳೆಯ ಡೊಮೇನ್ ಕೊಂಡು ರೀಡೈರೆಕ್ಟ್ ಮಾಡುವವರಲ್ಲಿ, ಅಂದರೆ ಬೇರೆ ಕಡೆ ತಿರುಗಿಸುವವರಲ್ಲಿ, ಇಂಥವರೂ ಇದ್ದಾರೆ. ಆ ಹೆಸರು ನಮಗೆ ಮರಳಿ ಸಿಗಲಿಲ್ಲ. ಆ ರೂಪ ಅಚ್ಚಾಗಿದ್ದ ಎಲ್ಲ ಡಬ್ಬಿಗಳನ್ನು ಗೋದಾಮಿನಿಂದ ತೆಗೆಸಿ ಹಾಕಿದೆ, ಆ ತಾಯಿಗೆ ಕ್ಷಮೆ ಕೇಳಿದೆ. ಈಗಿರುವ ನಾಲ್ಕರಲ್ಲಿ ಒಂದು ಅದರ ಜಾಗಕ್ಕೆ ಬಂದ ಬೇರೆ ರೂಪ.

ಇನ್ನು ಸೇವೆಯ ಗುಣಮಟ್ಟ. ಸೆಟ್ ಮಾಡುವುದು ಬಹಳ ಸುಲಭ: ಕಂಪನಿಯ ಸೈಟಿನಲ್ಲಿ ನಮ್ಮ ಖಾತೆಯ ಪ್ಯಾನೆಲ್‌ನಲ್ಲಿ ಹೊಸ ವಿಳಾಸ ಹಾಕಿ ಉಳಿಸಿದರೆ ಸಾಕು. ಆದರೆ ಅಲ್ಲೊಂದು ಪ್ರಶ್ನೆ ಇರುತ್ತದೆ: ಕಾಯಂ ಇಲ್ಲವೇ ತಾತ್ಕಾಲಿಕ, ಬ್ರೌಸರಿಗೆ ಹೋಗುವ ಸಂಕೇತದಲ್ಲಿ 301 ಇಲ್ಲವೇ 302. ಅದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. 2019ರ ಆಗಸ್ಟ್‌ನಲ್ಲಿ ಮಹಾಪೂರ ಬಂದು ಗೋಕಾಕಕ್ಕೆ ಘಟಪ್ರಭಾ ನೀರು ನುಗ್ಗಿತ್ತು, ಪುಣೆ–ಬೆಂಗಳೂರು ಹೆದ್ದಾರಿ ಕೊಲ್ಲಾಪುರದ ಹತ್ತಿರ ಬಂದ್ ಆಗಿತ್ತು. ಪಾರ್ಸೆಲ್ ಕಳಿಸುವ ದಾರಿ ಇರಲಿಲ್ಲ. ಮುಖ್ಯ ಡೊಮೇನನ್ನೇ ನಮ್ಮ ಫೇಸ್‌ಬುಕ್ ಪುಟದ ಸೂಚನೆಗೆ ತಿರುಗಿಸಿದೆ, ಪ್ಯಾನೆಲ್‌ನಲ್ಲಿ ಮೊದಲೇ ಗುರುತು ಬಿದ್ದಿದ್ದ 301ನ್ನು ಹಾಗೇ ಬಿಟ್ಟೆ. ನೀರು ಇಳಿಯಿತು, ಅಂಗಡಿ ತೆರೆಯಿತು, ಫಾರ್ವರ್ಡಿಂಗ್ ತೆಗೆದೆ. ಆದರೂ ಎಷ್ಟೋ ಜನರ ಫೋನು ಫೇಸ್‌ಬುಕ್ಕಿಗೇ ಹೋಗುತ್ತಿತ್ತು. 301 ಅಂದರೆ 'ಇವರು ಕಾಯಂ ಹೋದರು' ಅಂತ. ಬ್ರೌಸರ್ ಅದನ್ನು ನೆನಪಿಟ್ಟುಕೊಂಡು ಮತ್ತೆ ನಮ್ಮನ್ನು ಕೇಳುವುದೇ ಇಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ ಬ್ರೌಸರ್ ಕ್ಯಾಶ್ (ಅದು ಉಳಿಸಿಕೊಂಡ ನೆನಪು) ಅಳಿಸಲು ಹೇಳಿಕೊಡಬೇಕಾಯಿತು. ಊರ ಹೆಸರು ಬದಲಾದಂಥ ಕೆಲಸಕ್ಕೆ 301, ನಾಲ್ಕು ದಿನದ ಕೆಲಸಕ್ಕೆ 302.

ನನ್ನ ದೊಡ್ಡ ದೂರು ಸರ್ಟಿಫಿಕೇಟ್ ವಿಷಯದ್ದು, ಅಂದರೆ ಸೈಟ್ ನಿಜಕ್ಕೂ ಆ ಹೆಸರಿನದೇ ಅಂತ ಬ್ರೌಸರಿಗೆ ತೋರಿಸುವ ಗುರುತಿನ ಚೀಟಿಯದ್ದು. 2018ರಲ್ಲಿ ಕ್ರೋಮ್ ಬ್ರೌಸರ್, ಮಾಹಿತಿಯನ್ನು ಗುಪ್ತಲಿಪಿಯಲ್ಲಿ ಸಾಗಿಸುವ ಎಚ್‌ಟಿಟಿಪಿಎಸ್ ಇಲ್ಲದ ಎಲ್ಲ ಸೈಟುಗಳ ಮುಂದೆ 'ಸುರಕ್ಷಿತವಲ್ಲ' ಅಂತ ತೋರಿಸಲು ಶುರು ಮಾಡಿತು. ಅದಕ್ಕೆ ಬೇಕಾದ ಸರ್ಟಿಫಿಕೇಟನ್ನು ನಾವು ಮುಖ್ಯ ಸೈಟಿಗೆ ಹಾಕಿಸಿದೆವು. ಡಬ್ಬಿಯ ಕ್ಯೂಆರ್ ಕೋಡಿನಲ್ಲಿ ಹಳೆಯ ಹೆಸರನ್ನೇ ಎಚ್‌ಟಿಟಿಪಿಎಸ್ ಸಮೇತ ಅಚ್ಚು ಹಾಕಿಸಿದೆವು. ಸ್ಕ್ಯಾನ್ ಮಾಡಿದವರಿಗೆ ಕೆಂಪು ಎಚ್ಚರಿಕೆ! ಕಾರಣ ಇಷ್ಟೇ: ದಾರಿ ತಿರುಗಿಸುವ ಮುಂಚೆಯೇ ಬ್ರೌಸರ್ ಹಳೆಯ ಹೆಸರಿನ ಸರ್ಟಿಫಿಕೇಟ್ ಕೇಳುತ್ತದೆ. ಕಂಪನಿಯ ಫಾರ್ವರ್ಡಿಂಗ್ ಸರ್ವರಿನಲ್ಲಿ ಅದು ಇರಲಿಲ್ಲ. ಸಹಾಯವಾಣಿಗೆ ಮೂರು ಸಲ ಬರೆದೆ, ಮೂರು ಸಲವೂ 'ನಿಮ್ಮ ಸೈಟಿನಲ್ಲಿ ಸರ್ಟಿಫಿಕೇಟ್ ಇದೆ' ಅನ್ನುವ ಒಂದೇ ಉತ್ತರ. ಸಮಸ್ಯೆ ಯಾವ ಹೆಸರಿನದು ಅಂತ ಓದುವ ತಾಳ್ಮೆಯೂ ಇರಲಿಲ್ಲ. ಕೊನೆಗೆ ಆ ಹೆಸರನ್ನು ನಮ್ಮ ಸೈಟ್ ಇಟ್ಟಿರುವ ಹೋಸ್ಟಿಂಗ್‌ಗೆ ತಂದು, ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಸರ್ಟಿಫಿಕೇಟ್ ಹಾಕಿ ಅಲ್ಲಿಂದಲೇ ರೀಡೈರೆಕ್ಟ್ ಕೊಟ್ಟೆವು. ಅದರ ಅವಧಿ 90 ದಿನ, ತಾನಾಗಿ ನವೀಕರಣವಾಗುವಂತೆ ಇಟ್ಟಿದ್ದೇವೆ. ಎರಡು ವರ್ಷದ ಮೇಲೆ ಕಂಪನಿಯೂ ಈ ಸೌಲಭ್ಯ ತಂದಿತು. ಒಂದೂವರೆ ಅಂಕ ಕಳೆದಿದ್ದು ಇದಕ್ಕೇ.

ವಿಳಾಸ ಮರೆಮಾಚುವ 'ಮಾಸ್ಕಿಂಗ್' ಆಯ್ಕೆಯೂ ಇದೆ: ಮೇಲೆ ಹಳೆಯ ಹೆಸರೇ ಕಾಣುತ್ತದೆ, ಒಳಗೆ ಚೌಕಟ್ಟಿನಲ್ಲಿ ಹೊಸ ಸೈಟ್ ಕೂರುತ್ತದೆ. ಒಂದು ವಾರ ಇಟ್ಟು ತೆಗೆದೆ. ಹಣ ಕಟ್ಟುವ ಪುಟ ಅದರೊಳಗೆ ತೆರೆಯಲೇ ಇಲ್ಲ.

ನನಗಿಂತ ಇದರಿಂದ ಹೆಚ್ಚು ಲಾಭ ಪಡೆದವರು ಗುಳೇದಗುಡ್ಡದ ಖಣದ ವ್ಯಾಪಾರಿಯೊಬ್ಬರು, ನಮ್ಮ ಬೀಗರ ಪೈಕಿ. ಅವರಿಗೆ ವೆಬ್‌ಸೈಟೇ ಇಲ್ಲ. ಡೊಮೇನ್ ಒಂದೇ ಇದೆ, ಅದು ಅವರ ವಾಟ್ಸಾಪ್ ಕ್ಯಾಟಲಾಗಿಗೆ ಹೋಗುತ್ತದೆ. ಮೊದಲು ಇನ್‌ಸ್ಟಾಗ್ರಾಮಿಗೆ ಹೋಗುತ್ತಿತ್ತು. ಆ ಖಾತೆ ಒಂದು ದಿನ ಲಾಕ್ ಆದಾಗ ಅವರು ಹತ್ತು ನಿಮಿಷದಲ್ಲಿ ದಾರಿ ಬದಲಿಸಿದರು. ಚೀಲದ ಮೇಲಿನ ಅಚ್ಚು ಅದೇ, ಬೋರ್ಡೂ ಅದೇ. ಇನ್‌ಸ್ಟಾಗ್ರಾಮಿನ ಪುಟ ಇನ್ನೊಬ್ಬರ ಜಾಗ, ಹೆಸರು ಮಾತ್ರ ಅವರ ಸ್ವಂತದ್ದು. ಸಣ್ಣ ನೇಕಾರರು, ಮನೆಯಲ್ಲಿ ರೊಟ್ಟಿ ಮಾಡಿ ಮಾರುವ ಅಕ್ಕಂದಿರು ಎಲ್ಲರೂ ಇಷ್ಟನ್ನಾದರೂ ಮಾಡಿಕೊಳ್ಳಲಿ ಅಂತ ನನ್ನ ಮನಸ್ಸು ಹೇಳುತ್ತದೆ.

ಖರ್ಚು: ಫಾರ್ವರ್ಡಿಂಗ್ ಉಚಿತ, ಹೆಸರಿಗೆ ಮಾತ್ರ ದುಡ್ಡು. ಮೊದಲ ವರ್ಷ ಅಗ್ಗ, ರಿನ್ಯೂವಲ್ ಹೊತ್ತಿಗೆ ದರ ಏರುತ್ತದೆ, ಕೊಳ್ಳುವಾಗಲೇ ಅದನ್ನು ನೋಡಿಕೊಳ್ಳಿ. ಒಳಪುಟದ ದಾರಿಯೂ ಜೊತೆಗೆ ಬರುತ್ತದೆಯೇ ಅಂತಲೂ ಕೇಳಿ. ನಮ್ಮಲ್ಲಿ ಮೊದಲು ಕರದಂಟಿನ ಪುಟದ ಲಿಂಕ್ ಒತ್ತಿದವರೂ ಮುಖಪುಟಕ್ಕೇ ಬಂದು ಹುಡುಕಾಡುತ್ತಿದ್ದರು. ಸೈಟ್ ಬದಲಿಸಿದವರು ರೀಡೈರೆಕ್ಟನ್ನು ಕನಿಷ್ಠ ಒಂದು ವರ್ಷ ಇಡಬೇಕು ಅಂತ ಗೂಗಲ್ ಹೇಳುತ್ತದೆ. ಅದು ಹುಡುಕಾಟದ ಲೆಕ್ಕ. ಊರಿನ ಹೆಸರು ಬದಲಾಗಿ ಹತ್ತು ವರ್ಷ ದಾಟಿದರೂ ನಮ್ಮಲ್ಲಿ ದೀಪಾವಳಿ ಆರ್ಡರುಗಳು ಹಳೆಯ ಹೆಸರಿನಿಂದ ಬರುವುದು ನಿಂತಿಲ್ಲ. ಡಾಟ್ ಕಾಮ್‌ಗೆ ಒಮ್ಮೆಗೆ ಹೆಚ್ಚೆಂದರೆ ಹತ್ತು ವರ್ಷ ಕಟ್ಟಬಹುದು. ಬೆಲ್ಗಾಂ ಹೆಸರಿನದಕ್ಕೆ ಈ ಸಲ ಹತ್ತೂ ವರ್ಷದ್ದು ಕಟ್ಟಿದ್ದೇನೆ.