ಹ್ಯಾಲೋವೀನ್ ಸಂಜೆ ಬಾಗಿಲಿಗೆ ಯಾವ ಹಾಡು ಸರಿ?

ಅಕ್ಟೋಬರ್ 31ರ ಹ್ಯಾಲೋವೀನ್ ಸಂಜೆ ಮಕ್ಕಳು ದೆವ್ವ-ಭೂತದ ವೇಷ ಹಾಕಿ ಮನೆಮನೆಗೆ ಸಿಹಿ ಕೇಳುತ್ತಾ ಬರುತ್ತಾರೆ. ಅಮೆರಿಕದಲ್ಲಿ ಅಕ್ಟೋಬರ್ ಶುರುವಾದರೆ ಅಂಗಡಿ, ರೇಡಿಯೋ ಎಲ್ಲ ಕಡೆ ಈ ಹಬ್ಬದ ಅವೇ ಹಾಡುಗಳು ತಿರುಗಾಮುರುಗಾ ಬರುತ್ತವೆ. ಅದರಲ್ಲಿ ನಾಲ್ಕನ್ನು ನಮ್ಮ ಮನೆ ಮೆಟ್ಟಿಲ ಪಕ್ಕ ಸ್ಪೀಕರ್ ಇಟ್ಟು ಹಾಕಿ ನೋಡಿದ್ದೇನೆ. ನನ್ನ ಲೆಕ್ಕ ಸುಲಭ. ವೇಷ ಹಾಕಿದ ಮಗು ಮೆಟ್ಟಿಲು ಹತ್ತಿ, ಬುಟ್ಟಿಯಿಂದ ಚಾಕೊಲೇಟ್ ಆರಿಸಿ ಇಳಿದುಹೋಗಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷದಲ್ಲಿ ಹಾಡಿನ ಯಾವ ತುಂಡು ಕಿವಿಗೆ ಬಿದ್ದರೂ ಹಬ್ಬ ಅನ್ನಿಸಬೇಕು.

ಈ ಲೆಕ್ಕದಲ್ಲಿ ಮೈಕಲ್ ಜಾಕ್ಸನ್‌ನ 'ಥ್ರಿಲ್ಲರ್' ಸೋಲುತ್ತದೆ. ಹೀಗಂದರೆ ಜಗಳಕ್ಕೆ ಬರುವವರಿದ್ದಾರೆ, ಗೊತ್ತು. ಶುರುವೇನೋ ಭರ್ಜರಿ: ಕಿರ್ರೆನ್ನುವ ಬಾಗಿಲು, ಹೆಜ್ಜೆ ಸದ್ದು, ಗುಡುಗು, ತೋಳದ ಊಳು. ಕೊನೆಯೂ ಭರ್ಜರಿ, ಅಲ್ಲಿ ಹಾರರ್ ಸಿನಿಮಾಗಳ ನಟ ವಿನ್ಸೆಂಟ್ ಪ್ರೈಸ್ ಮಾತಾಡಿ, ಆಮೇಲೆ ನಗುತ್ತಾನೆ. ಆದರೆ ಹಾಡು ಹತ್ತಿರ ಹತ್ತಿರ ಆರು ನಿಮಿಷ. ಈ ಎರಡರ ನಡುವೆ ಇರುವುದು ಒಳ್ಳೇ ಡ್ಯಾನ್ಸ್ ಹಾಡು, ಅಷ್ಟೇ. ಬರೆದ ರಾಡ್ ಟೆಂಪರ್‌ಟನ್ ಇದನ್ನು ಮೊದಲು 'ಸ್ಟಾರ್‌ಲೈಟ್' ಅಂತ ಕರೆದಿದ್ದ. ನಡುವಿನ ಭಾಗ ಕೇಳುವಾಗ ಆ ಹೆಸರೇ ಒಪ್ಪುತ್ತದೆ. ನಮಗೆ ಹೆದರಿಕೆ ಹುಟ್ಟಿಸೋದು 1983ರ ಡಿಸೆಂಬರಿನಲ್ಲಿ ಬಂದ ವಿಡಿಯೋ: ಕೆಂಪು ಜಾಕೆಟ್, ಗೋರಿಯಿಂದ ಎದ್ದು ಕುಣಿಯುವ ಹೆಣಗಳು. ಮನೆಯೊಳಗೆ ಪಾರ್ಟಿ ಇದ್ದರೆ ಟಿವಿಯಲ್ಲಿ ಹಾಕಿ, ಅದಕ್ಕೆ ಸಾಟಿಯಿಲ್ಲ. ಬಾಗಿಲಲ್ಲಿ ಬೇಡ.

ರೇ ಪಾರ್ಕರ್ ಜೂನಿಯರ್‌ನ 'ಗೋಸ್ಟ್‌ಬಸ್ಟರ್ಸ್' (1984) ಬಗ್ಗೆ ಜಾಸ್ತಿ ಹೇಳೋದಿಲ್ಲ. ದೆವ್ವ ಹಿಡಿಯುವವರ ಸಿನಿಮಾದ ಹಾಡು. ಯಾರನ್ನು ಕರೀತೀರಿ ಅಂತ ಅದು ಪ್ರಶ್ನೆ ಹಾಕುತ್ತದೆ, ಕೇಳುವವರು 'ಗೋಸ್ಟ್‌ಬಸ್ಟರ್ಸ್' ಅಂತ ಉತ್ತರ ಕೂಗಬೇಕು. ನಮ್ಮಲ್ಲಿ ಕೂಗಿದ್ದು ಮಕ್ಕಳಲ್ಲ, ಅವರನ್ನು ಕರೆತಂದ ಅಪ್ಪಂದಿರು. ಮಜಾ ಇತ್ತು.

ಗೆದ್ದದ್ದು ಬಾಬಿ 'ಬೋರಿಸ್' ಪಿಕೆಟ್‌ನ 'ಮಾನ್‌ಸ್ಟರ್ ಮ್ಯಾಶ್'. 1962ರ ಹಾಡು. ಫ್ರಾಂಕೆನ್‌ಸ್ಟೈನ್ ಸಿನಿಮಾದ ನಟ ಬೋರಿಸ್ ಕಾರ್ಲಾಫ್‌ನ ದನಿಯನ್ನು ಪಿಕೆಟ್ ಮಿಮಿಕ್ರಿ ಮಾಡಿ ಹಾಡಿದ್ದಾನೆ. ಹಾಡಿದ್ದು ಅನ್ನೋದಕ್ಕಿಂತ ಕತೆ ಹೇಳಿದ್ದು ಅನ್ನಿ: ವಿಜ್ಞಾನಿಯೊಬ್ಬನ ಲ್ಯಾಬಿನಲ್ಲಿ ಎದ್ದು ಕೂತ ರಾಕ್ಷಸ ಕುಣಿಯೋಕೆ ಶುರುಮಾಡುತ್ತಾನೆ. ಆಗಿನ 'ಮ್ಯಾಶ್ಡ್ ಪೊಟೇಟೊ' ಡ್ಯಾನ್ಸ್ ಹುಚ್ಚಿನ ಅಣಕ ಇದು. ಸದ್ದುಗಳನ್ನು ಹೆಡ್‌ಫೋನ್ ಹಾಕಿ ಕೇಳಿ. ಶವಪೆಟ್ಟಿಗೆ ತೆರೆಯುವ ಸದ್ದು ಬೇಕಾದಾಗ ಹಲಗೆಯಿಂದ ತುಕ್ಕು ಹಿಡಿದ ಮೊಳೆ ಕಿತ್ತಿದ್ದಾರೆ. ಕೊಪ್ಪರಿಗೆ ಕುದಿಯುವುದಕ್ಕೆ ಸ್ಟ್ರಾದಿಂದ ನೀರೊಳಗೆ ಊದಿದ್ದಾರೆ. ಸರಪಳಿಯನ್ನು ಮಾತ್ರ ನಿಜವಾಗಿಯೂ ನೆಲಕ್ಕೆ ಎತ್ತಿಹಾಕಿದ್ದಾರೆ. ಆ ಕಾರ್ಲಾಫ್ ದನಿ ಹಾಡಿನುದ್ದಕ್ಕೂ ಇರುವುದರಿಂದ ಎಲ್ಲಿಂದ ಕೇಳಿದರೂ ಹಬ್ಬವೇ. ಇಡೀ ಹಾಡಿಗೆ ಮೂರು ನಿಮಿಷ ಚಿಲ್ಲರೆ. ಯಾರಿಗೂ ತೊಂದರೆ ಕೊಡದ ಇಂಥ ಹಾಡನ್ನು ಬಿಬಿಸಿ ಆಗ ಹಾಡಿಸಲೇ ಇಲ್ಲ, ಸಾವಿನ ಸಂಗತಿ ಜಾಸ್ತಿಯಾಯಿತಂತೆ! 1973ರಲ್ಲಿ ಅದೇ ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೂರನೇ ಸ್ಥಾನಕ್ಕೆ ಏರಿತು.

ಈ ಮೂರೂ ಹಾಡುಗಳು ದೆವ್ವದ ಹೆಸರಿನಲ್ಲಿ ನಗಿಸುವಂಥವು. ನಿಜಕ್ಕೂ ಹೆದರಿಸೋದು ನಾಲ್ಕನೆಯದು, ಸ್ಕ್ರೀಮಿನ್ ಜೇ ಹಾಕಿನ್ಸ್‌ನ 'ಐ ಪುಟ್ ಎ ಸ್ಪೆಲ್ ಆನ್ ಯೂ'. ತಮಾಷೆ ಅಂದರೆ ಇದರಲ್ಲಿ ದೆವ್ವವೇ ಇಲ್ಲ. ಬಿಟ್ಟುಹೋಗುವ ಹೆಣ್ಣಿಗೆ ಮಾಟ ಮಾಡಿದ್ದೇನೆ ಅನ್ನುವ ಗಂಡಸಿನ ಹಾಡು. ಮೊದಲು ಅಂದುಕೊಂಡಿದ್ದು ಮೆತ್ತಗಿನ ಪ್ರೇಮಗೀತೆ. 1956ರಲ್ಲಿ ರೆಕಾರ್ಡಿಂಗಿನ ದಿನ ಊಟದ ಜೊತೆ ಹೆಂಡವೂ ಬಂತು, ಎಲ್ಲರಿಗೂ ಏರಿತು. ಹಾಡಿದ್ದು ನೆನಪೇ ಇಲ್ಲ, ಆಮೇಲೆ ರೆಕಾರ್ಡು ಕೇಳಿ ಮತ್ತೆ ಕಲಿತೆ ಎಂದು ಹಾಕಿನ್ಸ್ ಹೇಳಿಕೊಂಡಿದ್ದ. ಹಿಂದೆ ವಾದ್ಯಗಳು ಸೋಮಾರಿಯಾಗಿ ತೂಗುತ್ತಿರುತ್ತವೆ, ಮುಂದೆ ಈತ ಗುಟುರು ಹಾಕುತ್ತಾನೆ, ನರಳುತ್ತಾನೆ, ಕೊನೆಗೆ ಮಾತೇ ಬಿಟ್ಟು ಗೊರಗೊರ ಅನ್ನುತ್ತಾನೆ. ಸ್ಟೇಜ್ ಮೇಲೆ ಶವಪೆಟ್ಟಿಗೆಯಿಂದ ಎದ್ದು ಬರುತ್ತಿದ್ದ, ಕೈಯಲ್ಲಿ ಕೋಲಿಗೆ ಸಿಕ್ಕಿಸಿದ ಬುರುಡೆ. ಬುರುಡೆಯ ಹೆಸರು ಹೆನ್ರಿ.

ಇದನ್ನು ಬಾಗಿಲಲ್ಲಿ ಹಾಕಿದಾಗ ಕುಂಬಳಕಾಯಿ ವೇಷದ ಪುಟ್ಟಿಯೊಬ್ಬಳು ಎರಡನೇ ಮೆಟ್ಟಿಲಿಂದ ಮೇಲೆ ಬರಲೇ ಇಲ್ಲ. ಚಾಕೊಲೇಟನ್ನು ನಾನೇ ಇಳಿದು ಕೊಟ್ಟೆ. ಹಾಗಾಗಿ ಮಕ್ಕಳ ಸಾಲು ಮುಗಿಯುವ ತನಕ ಪಿಕೆಟ್. ವರಾಂಡದ ದೀಪ ಆರಿಸಿ ಉಳಿದ ಚಾಕೊಲೇಟ್ ನಾವೇ ತಿನ್ನುತ್ತಾ ಕೂತಾಗ ಹಾಕಿನ್ಸ್, ಸ್ವಲ್ಪ ಜೋರಾಗಿ. ಇದನ್ನೇ ನೀನಾ ಸಿಮೋನ್ 1965ರಲ್ಲಿ ಹಾಡಿದ್ದಾಳೆ. ಹಾಡುಗಾರಿಕೆ ಅಂತ ನೋಡಿದರೆ ಅದೇ ಮೇಲು, ಅನುಮಾನವಿಲ್ಲ. ಆದರೆ ಅಲ್ಲಿ ಬರೀ ಸಂಕಟ ಇದೆ, ಮಾಟ ಇಲ್ಲ. ಅದನ್ನು ಕೇಳೋಕೆ ವರ್ಷದಲ್ಲಿ ಬೇರೆ ದಿನಗಳು ಬೇಕಾದಷ್ಟಿವೆ.