82 ಸೆಕೆಂಡಿನ ವಿಮಾನ, 25 ನಿಮಿಷದ ದೋಣಿ

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಸಮೂಹದಲ್ಲಿ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ಎಂಬ ಎರಡು ಪುಟ್ಟ ದ್ವೀಪಗಳಿವೆ. ಇವುಗಳ ವಿಮಾನ ನಿಲ್ದಾಣಗಳ ನಡುವಿನ ಅಂತರ ಸುಮಾರು 2.7 ಕಿಲೋಮೀಟರ್. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಒಂದು ರನ್‌ವೇ 4 ಕಿಲೋಮೀಟರ್ ಉದ್ದವಿದೆ ಎಂದರೆ ಈ ಹಾರಾಟ ಎಷ್ಟು ಗಿಡ್ಡದೆಂದು ತಿಳಿದೀತು. 1967ರಲ್ಲಿ ಲೋಗನೇರ್ ಸಂಸ್ಥೆ ಆರಂಭಿಸಿದ ಈ ಮಾರ್ಗವು ಜಗತ್ತಿನ ಅತಿ ಚಿಕ್ಕ ನಿಗದಿತ ವಿಮಾನಯಾನವೆಂದು ಹೆಸರಾಗಿದೆ. ವೆಸ್ಟ್ರೇಯ ಪಿಯರೋವಾಲ್ ಊರಿನಿಂದ ಹೊರಡುವ ಸಣ್ಣ ದೋಣಿ ಇದೇ ಕಡಲನ್ನು 25 ನಿಮಿಷದಲ್ಲಿ ದಾಟುತ್ತದೆ. ನಾನು ಹೋಗುವಾಗ ವಿಮಾನವನ್ನೂ ಬರುವಾಗ ದೋಣಿಯನ್ನೂ ಹಿಡಿದು, ಪಿಯರೋವಾಲಿನ ನನ್ನ ಕೋಣೆಗೂ ಪಾಪಾ ವೆಸ್ಟ್ರೇಯ ನ್ಯಾಪ್ ಆಫ್ ಹಾವರ್ ಎಂಬ ಪ್ರಾಚೀನ ಮನೆಗಳಿಗೂ ನಡುವೆ ತಗಲುವ ಪೂರ್ತಿ ಸಮಯವನ್ನು ಲೆಕ್ಕ ಹಾಕಿದೆ.

ಎಂಟು ಪ್ರಯಾಣಿಕರ ಐಲ್ಯಾಂಡರ್ ವಿಮಾನದಲ್ಲಿ ಯಾರು ಎಲ್ಲಿ ಕೂರಬೇಕೆಂಬುದನ್ನು ತೂಕ ನೋಡಿ ತೀರ್ಮಾನಿಸುತ್ತಾರೆ. ನನಗೆ ಪೈಲಟ್‌ನ ಪಕ್ಕದ ಆಸನವೇ ಸಿಕ್ಕಿತು. ನಡುವೆ ಗೋಡೆಯಾಗಲಿ ಪರದೆಯಾಗಲಿ ಇಲ್ಲದ್ದರಿಂದ ಅವರ ಕೈಚಲನೆಯೆಲ್ಲ ಕಣ್ಣೆದುರಿಗೇ ಇತ್ತು. ಮೇಲೇರಿದ ಸದ್ದು ಕಿವಿಯಲ್ಲಿ ಇನ್ನೂ ಮೊರೆಯುತ್ತಿರುವಾಗಲೇ ಅವರು ಇಳಿಯುವ ಸಿದ್ಧತೆಗೆ ತೊಡಗಿದ್ದರು. ಚಕ್ರ ನೆಲ ಬಿಟ್ಟು ಮತ್ತೆ ನೆಲ ಮುಟ್ಟುವವರೆಗೆ ನನ್ನ ಮೊಬೈಲಿನಲ್ಲಿ 82 ಸೆಕೆಂಡು ದಾಖಲಾಯಿತು. ವೇಳಾಪಟ್ಟಿಯಲ್ಲಿರುವುದು ಎರಡು ನಿಮಿಷ, ಈ ಮಾರ್ಗದ ದಾಖಲೆ 53 ಸೆಕೆಂಡು. ವಿಮಾನ ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಏರಿ, ಎದುರಾಗಿಯೇ ಇಳಿಯಬೇಕಾದ್ದರಿಂದ, ಗಾಳಿಯ ದಿಕ್ಕಿಗೆ ತಕ್ಕಂತೆ ಒಂದು ಸುತ್ತು ಹಾಕಬೇಕಾಗಿ ಬಂದರೆ ಈ ಸಮಯ ಹೆಚ್ಚುತ್ತದೆ. ಆದರೆ ಇದಕ್ಕಾಗಿ ನಾನು ನಿಲ್ದಾಣದವರೆಗೆ 40 ನಿಮಿಷ ನಡೆದು, ಅಲ್ಲಿ 20 ನಿಮಿಷ ಕಾದಿದ್ದೆ. ಇಳಿದ ಮೇಲೆ ಮತ್ತೆ 25 ನಿಮಿಷ ನಡಿಗೆ.

ದೋಣಿಯ ಲೆಕ್ಕ ಬೇರೆ. ಕ್ರಿ.ಪೂ. 3700ರ ಸುಮಾರಿನ ಆ ಜೋಡಿ ಕಲ್ಲುಮನೆಗಳಿಂದ ದ್ವೀಪದ ದಕ್ಷಿಣ ತುದಿಯ ಮೊಕ್ಲೆಟ್ ಕಟ್ಟೆಗೆ 45 ನಿಮಿಷ ನಡೆದೆ, ಹತ್ತು ನಿಮಿಷ ಕಾದೆ. ಡೀಸೆಲ್ ವಾಸನೆ, ಹಗ್ಗದಿಂದ ಬಿಗಿದಿದ್ದ ಒಂದು ಸೈಕಲ್ಲು, ಕನ್ನಡಕದ ಮೇಲೆ ಒಣಗಿ ಬಿಳಿಯಾದ ಉಪ್ಪು: ಕಡಲು ದಾಟುತ್ತಿದ್ದೇನೆಂಬುದು ಮೈಗೆ ತಿಳಿದದ್ದು ಇಲ್ಲಿಯೇ. ದೋಣಿ ಇಳಿದ ಐದು ನಿಮಿಷಕ್ಕೆ ಕೋಣೆ ಸೇರಿದ್ದೆ.

ಒಟ್ಟು ವಿಮಾನದ ದಾರಿಗೆ ಸುಮಾರು 86 ನಿಮಿಷ, ದೋಣಿಯ ದಾರಿಗೆ 85. ವಿಮಾನ ಉಳಿಸಿಕೊಟ್ಟ ಸಮಯವನ್ನೆಲ್ಲ ನಿಲ್ದಾಣದ ದಾರಿಯೇ ನುಂಗಿತ್ತು. ಕಾರಿನಲ್ಲಿ ಬಿಡುವವರಿದ್ದರೆ ವಿಮಾನ ಗೆಲ್ಲುತ್ತದೆ. ಭಾರದ ಚೀಲವಿದ್ದು ಪಿಯರೋವಾಲಿನಲ್ಲೇ ತಂಗಿದವರಿಗೆ ದೋಣಿಯೇ ಸಲೀಸು. ಮಂಜು ಕವಿದರೆ ವಿಮಾನ ನಿಲ್ಲುತ್ತದೆ, ಅಲೆ ಎದ್ದರೆ ದೋಣಿ ನಿಲ್ಲುತ್ತದೆ. ಆದ್ದರಿಂದ ಎರಡರ ವೇಳಾಪಟ್ಟಿಯೂ ಜೇಬಿನಲ್ಲಿರಲಿ. ಇನ್ನೊಮ್ಮೆ ಹೋದರೆ ನಾನು ಎರಡೂ ಸಲ ದೋಣಿಯನ್ನೇ ಹಿಡಿಯುವೆ, ಪೈಲಟ್‌ನ ಪಕ್ಕದ ಆಸನ ಮತ್ತೆ ಸಿಗುವಂತಿದ್ದರೆ ಮಾತ್ರ ಮಾತು ಬೇರೆ.